ಗುಟ್ಟು ಬಿಟ್ಟುಕೊಟ್ಟ ಟೋಲ್

ದೇವನಹಳ್ಳಿಯಲ್ಲಿ ಇಂಟರ್‌ವ್ಯೂ. ಕೆಲಸ ಸಿಕ್ಕ ಮೇಲೆ ಮನೆಯಲ್ಲಿ ಹೇಳಿದರಾಯಿತೆಂದು, ಗೆಳೆಯನ ಮನೆಯ ನೆಪ ಹೇಳಿ ಯಲಹಂಕದಿಂದ ಅಪ್ಪನ ಕಾರಿನಲ್ಲಿ ಹೋಗಿಬಂದೆ. ಸಂಜೆ ಅಪ್ಪ ಮೊಬೈಲ್ ತೋರಿಸಿದರು: ಸಾದಹಳ್ಳಿ ಟೋಲ್, ಸಮಯ, ಕಡಿತವಾದ ಹಣ. 'ಏರ್‌ಪೋರ್ಟ್ ರೋಡಲ್ಲಿ ಯಾವ ಗೆಳೆಯನೋ ನಿಂಗೆ?'

2021ರ ಫೆಬ್ರುವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಗಾಜಿಗೆ ಅಂಟಿದ ಆ ಚೀಟಿಗೆ ಬ್ಯಾಟರಿಯೂ ಬೇಡ. ಟೋಲ್‌ನ ರೇಡಿಯೊ ಅಲೆ ತಾಗಿದರೆ ಸಾಕು, ತನ್ನ ಸಂಖ್ಯೆ ಒದರಿಬಿಡುತ್ತದೆ. ಅಪ್ಪನಿಗೆ ಗೊತ್ತಾಗಿದ್ದಕ್ಕೆ ಬೇಸರವಿಲ್ಲ (ಬೈಗುಳದ ಜೊತೆ ಕಾಫಿಯೂ ಸಿಕ್ಕಿತು). ನಾನು ಹೋಗಿಬಂದ ಲೆಕ್ಕ ಇನ್ನೂ ಯಾರ್‍ಯಾರ ಬಳಿ, ಎಷ್ಟು ವರ್ಷ ಇರುತ್ತದೆ ಎನ್ನುವುದೇ ಚಿಂತೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

ಮುಂದಿನ ಇಂಟರ್‌ವ್ಯೂಗೆ ಬಿಎಂಟಿಸಿ ಬಸ್ಸೇ, ಅದೂ ಚಿಲ್ಲರೆ ಕೊಟ್ಟು.