‘ನಮ್ಮಲ್ಲಿಲ್ಲ’ ಎಂಬ ಉತ್ತರಕ್ಕೆ ಪುರಾವೆಯ ಎದುರುತ್ತರ

ಒಣ ಪಾಯಿಖಾನೆಯಲ್ಲಿ ನೀರಿನ ಮಾತೇ ಇಲ್ಲ. ಕೂರಲು ಎರಡು ಕಲ್ಲು, ಕೆಳಗೆ ಬಕೆಟ್ಟು ಇಲ್ಲವೇ ಬರಿ ನೆಲ, ಹಿಂಬದಿಗೊಂದು ಕಿಂಡಿ. ಆ ಕಿಂಡಿಯಿಂದ ತಗಡಿನ ತುಂಡಿನಲ್ಲಿ ಮಲ ಬಾಚಿ ಹೊರುವ ಕೆಲಸ ತಲೆಮಾರುಗಳಿಂದ ಕೆಲವೇ ಜಾತಿಗಳ, ಅದರಲ್ಲೂ ಹೆಂಗಸರ ಪಾಲಿಗಿತ್ತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಇದೇ ಕೆಲಸದ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಈ ಪದ್ಧತಿಯನ್ನು ಅಳಿಸುವುದಕ್ಕೇ ಬದುಕನ್ನು ಮುಡಿಪಿಟ್ಟವರು. ಐಎಎಸ್ ಅಧಿಕಾರಿಯಾಗಿದ್ದ ಎಸ್.ಆರ್. ಶಂಕರನ್ ಮೊದಲಾದವರ ಜೊತೆ 1990ರ ದಶಕದಲ್ಲಿ ಅವರು ಕಟ್ಟಿದ ‘ಸಫಾಯಿ ಕರ್ಮಚಾರಿ ಆಂದೋಲನ’ದ ಬಲವೆಲ್ಲ ಅದು ಕಲೆಹಾಕಿದ ಪುರಾವೆಯಲ್ಲಿದೆ.

ಪುರಾವೆ ಏಕೆ ಬೇಕಿತ್ತೆಂದರೆ, 1993ರಲ್ಲೇ ನಿಷೇಧದ ಕಾನೂನು ಬಂದಿದ್ದರೂ ಜಾರಿ ಮಾಡಬೇಕಾದ ಸರ್ಕಾರಗಳು ‘ನಮ್ಮಲ್ಲಿ ಅಂಥದ್ದಿಲ್ಲ’ ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಇಲ್ಲದ ಅಪರಾಧಕ್ಕೆ ಶಿಕ್ಷೆಯಿಲ್ಲ, ಲೆಕ್ಕಕ್ಕೇ ಸಿಗದವರಿಗೆ ಪುನರ್ವಸತಿಯಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಆಂದೋಲನ, ಸರ್ಕಾರಿ ಪ್ರಮಾಣಪತ್ರಗಳಿಗೆ ಎದುರಾಗಿ ಪಾಯಿಖಾನೆಗಳ ಫೋಟೊ, ಸಮೀಕ್ಷೆಯ ವಿವರ ಇಟ್ಟಿತು. ಮೊಕದ್ದಮೆ ನಡೆಯುತ್ತಿರುವಾಗಲೇ 2013ರ ಹೊಸ ಕಾನೂನು ಬಂತು. 2014ರ ಮಾರ್ಚ್ 27ರಂದು, 1993ರಿಂದೀಚೆಗೆ ಒಳಚರಂಡಿ ಶುಚಿಮಾಡಲು ಇಳಿದು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟ್ ಆದೇಶಿಸಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇದೆಲ್ಲ ಹಳೆಯ ಕಥೆ, ಈಗೇಕೆ ಕೆದಕಬೇಕು ಎನ್ನುವವರಿದ್ದಾರೆ. ಅವರು ಹಾವೇರಿ ಜಿಲ್ಲೆಯ ಸವಣೂರನ್ನು ನೆನೆಯಬೇಕು. ಕಾನೂನು ಬಂದು 17 ವರ್ಷವಾದ ಮೇಲೆ, 2010ರಲ್ಲಿ, ನೆಲೆ ಕಳೆದುಕೊಳ್ಳುವ ಭಯದಲ್ಲಿದ್ದ, ಮಲ ಹೊರುವ ಕೆಲಸದ ಭಂಗಿ ಸಮುದಾಯದವರು ಅಲ್ಲಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಹಾಗೆ ಮಾಡುವವರೆಗೆ ನಾಡು ಅವರತ್ತ ತಿರುಗಿ ನೋಡಿರಲಿಲ್ಲ. ಒಳಚರಂಡಿ ಶುಚಿಮಾಡಲು ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಯಂತ್ರಕ್ಕೆ ಹಣ ಬೇಕು, ಆಳು ಅಗ್ಗಕ್ಕೆ ಸಿಗುತ್ತಾನೆ. ಆ ಅಗ್ಗದ ಬೆಲೆಯನ್ನು ಗೊತ್ತುಮಾಡಿರುವುದು ಜಾತಿ. ಸಾವಿನ ಹೊಣೆ ಕಂತ್ರಾಟುದಾರನ ಕೊರಳಿಗೆ ಬಿದ್ದಾಗಲೇ ಯಂತ್ರ ಗಲ್ಲಿಗೆ ಬರುತ್ತದೆ. ಆ ಹೊಣೆ ಹೊರಿಸಲು ಸತ್ತವರ ಲೆಕ್ಕವನ್ನು ಯಾರಾದರೂ ಇಡಲೇಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಒಳಗಿಳಿದು ಸಾಯುವುದು ಆಗಲೂ ನಿಂತಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಈ ಹೊಣೆ ಸರ್ಕಾರದ್ದಷ್ಟೇ ಅಲ್ಲ. ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಆಳನ್ನು ಇಳಿಸಿದರೆ 2013ರ ಕಾನೂನಿನ ಪ್ರಕಾರ ಮನೆ ಮಾಲೀಕರೂ ಅಪರಾಧಿಗಳೇ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.