ತೊಟ್ಟಿಕ್ಕುವ ನಲ್ಲಿಯ ವಿಜ್ಞಾನ

ನಲ್ಲಿ ತೊಟ್ಟಿಕ್ಕುವುದನ್ನು ಕಂಡರೆ ನಮ್ಮವರು ಸುಮ್ಮನಿರುವುದಿಲ್ಲ. ನೀರು ಪೋಲಾಗುತ್ತದೆ ಎಂಬ ಒಳ್ಳೆಯ ಕಾರಣ ಒಂದು ಕಡೆ. ಹನಿಯುವ ನಲ್ಲಿಯ ಜೊತೆ ಮನೆಯ ಲಕ್ಷ್ಮಿಯೂ ಹರಿದುಹೋಗುತ್ತಾಳೆ ಎಂದು ವಾಸ್ತುವಿನ ಹೆಸರಿನಲ್ಲಿ ಹಬ್ಬಿಸಿರುವ ಹೆದರಿಕೆ ಇನ್ನೊಂದು ಕಡೆ. ಇಂಥ ವಾತಾವರಣದಲ್ಲಿ ಬೆಳೆದವರು ಜನವರಿಯಲ್ಲಿ ಡಲ್ಲಾಸಿನಲ್ಲೋ ಷಿಕಾಗೊದಲ್ಲೋ ಇರುವ ಮಗಳ ಮನೆಗೆ ಹೋದರೆ, ಮಲಗುವ ಮುಂಚೆ ಅಡುಗೆಮನೆಯ ನಲ್ಲಿಯನ್ನು ಬೇಕೆಂದೇ ಹನಿಯಲು ಬಿಡುವ ಪದ್ಧತಿಯನ್ನು ಕಂಡು ತಬ್ಬಿಬ್ಬಾಗುತ್ತಾರೆ. ಯಾಕೆಂದು ಕೇಳಿದರೆ ‘ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ, ಅದಕ್ಕೆ’ ಎಂಬ ಉತ್ತರ ಸಿಗುತ್ತದೆ. ಉಪಾಯ ಸರಿಯಾಗಿದೆ, ಆದರೆ ಕೊಟ್ಟ ಕಾರಣ ಬಹುಮಟ್ಟಿಗೆ ತಪ್ಪು. ಕೆಲಸ ನಡೆದರಾಯಿತು, ಕಾರಣ ಯಾವುದಾದರೇನು ಎನ್ನುವಂತಿಲ್ಲ. ಯಾವ ನಲ್ಲಿಯನ್ನು ಬಿಡಬೇಕು, ಎಷ್ಟು ಬಿಡಬೇಕು, ಯಾವ ಹಂತದಲ್ಲಿ ಹನಿ ಸಾಲದೆ ಬೇರೆ ದಾರಿ ಹಿಡಿಯಬೇಕು ಎಂಬುದೆಲ್ಲ ಕಾರಣ ತಿಳಿದವರಿಗೆ ಮಾತ್ರ ಹೊಳೆಯುತ್ತದೆ. ನಿಜವಾದ ಕಾರಣವೋ, ನೀರಿನ ಸ್ವಭಾವದ ಅತಿ ಸೊಗಸಾದ ಒಂದು ವಿಚಿತ್ರವನ್ನು ನಮ್ಮೆದುರು ತೆರೆದಿಡುತ್ತದೆ.

ಬೆಂಗಳೂರಿನ ಈವರೆಗಿನ ಅತಿ ಕಡಿಮೆ ತಾಪಮಾನ 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಪೈಪಿನಲ್ಲಿ ನೀರು ಗಡ್ಡೆಕಟ್ಟುವ ತೊಂದರೆ ನಮ್ಮ ಅನುಭವಕ್ಕೆ ಬಂದದ್ದಲ್ಲ. ಟೆಕ್ಸಸ್‌ನವರೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದರು. 2021ರ ಫೆಬ್ರವರಿ 16ರಂದು ಡಲ್ಲಾಸಿನ ತಾಪಮಾನ ಸೊನ್ನೆಗಿಂತ 19 ಡಿಗ್ರಿ ಕೆಳಗಿಳಿಯಿತು. ಅದೇ ವೇಳೆಗೆ ರಾಜ್ಯದ ವಿದ್ಯುತ್ ಜಾಲ ಕೈಕೊಟ್ಟು 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಮನೆ ಬೆಚ್ಚಗಿಡುವ ಯಂತ್ರಗಳು ನಿಂತವು, ಊರೂರುಗಳಲ್ಲಿ ಪೈಪುಗಳು ಒಡೆದವು, ತಾರಸಿಯ ಹಲಗೆಗಳು ನೀರು ಕುಡಿದು ಹಾಸಿಗೆಗಳ ಮೇಲೆ ಕುಸಿದವು. ಇದಕ್ಕೆ ಎರಡು ವರ್ಷ ಮೊದಲು, 2019ರ ಜನವರಿ 30ರಂದು, ಷಿಕಾಗೊದಲ್ಲಿ ಸೊನ್ನೆಗಿಂತ ಸುಮಾರು 31 ಡಿಗ್ರಿ ಕೆಳಗಿನ ಚಳಿ ಇತ್ತು. ಅಲ್ಲೂ ಪೈಪುಗಳು ಒಡೆಯುತ್ತವೆ, ಆದರೆ ಟೆಕ್ಸಸ್‌ನಲ್ಲಾದಂಥ ಸಾಮೂಹಿಕ ಅನಾಹುತ ಆಗಲಿಲ್ಲ. ಉತ್ತರದ ಮನೆಗಳಲ್ಲಿ ನೀರಿನ ಪೈಪು ನೆಲದಾಳದಿಂದ ಬಂದು ಬೆಚ್ಚಗಿನ ಒಳಗೋಡೆಗಳಲ್ಲಿ ಹಾದುಹೋಗುತ್ತದೆ. ನೆಲಮಾಳಿಗೆಯಿಲ್ಲದ ದಕ್ಷಿಣದ ಮನೆಗಳಲ್ಲಿ ಅದು ಎಷ್ಟೋ ಸಲ ಅಟ್ಟದ ಮೇಲೆ, ಹೊರಗೋಡೆಯ ಸಂದಿನಲ್ಲಿ, ಗ್ಯಾರೇಜಿನಲ್ಲಿ ಮೈಚಾಚಿಕೊಂಡಿರುತ್ತದೆ. ಚಳಿಯ ಪ್ರಮಾಣಕ್ಕಿಂತ ಪೈಪು ಎಲ್ಲಿದೆ ಎಂಬುದೇ ಅನಾಹುತವನ್ನು ನಿರ್ಧರಿಸುತ್ತದೆ.

ಪೈಪು ಒಡೆಯುವುದೇಕೆ ಎಂದು ಯಾರನ್ನು ಕೇಳಿದರೂ ಶಾಲೆಯಲ್ಲಿ ಕಲಿತ ಉತ್ತರ ಬರುತ್ತದೆ: ನೀರು ಗಡ್ಡೆಯಾದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಹಿಗ್ಗಿದ ಗಡ್ಡೆ ಪೈಪಿನ ಗೋಡೆಯನ್ನು ಒಳಗಿನಿಂದ ಒತ್ತಿ ಸೀಳುತ್ತದೆ. ಹಿಗ್ಗುವುದು ನಿಜ, ಆದರೆ ಸೀಳುವ ಬಗೆ ಹೀಗಲ್ಲ. ಚಳಿ ಹೊರಗಿನಿಂದ ಬರುವುದರಿಂದ ಗಡ್ಡೆ ಮೊದಲು ಪೈಪಿನ ಒಳಮೈಗೆ ಅಂಟಿಕೊಂಡು ನಡುವಿನ ಕಡೆಗೆ ಬೆಳೆಯುತ್ತದೆ. ಅದು ಬೆಳೆದಷ್ಟೂ ನಡುವಿನಲ್ಲಿರುವ ನೀರು ಬಂದ ದಾರಿಯಲ್ಲೇ ಬೀದಿಯ ಕೊಳವೆಯತ್ತ ಹಿಂದೆ ಸರಿಯುತ್ತದೆ. ಸರಿಯಲು ಜಾಗವಿರುವವರೆಗೆ ಗೋಡೆಗೆ ಅಪಾಯವಿಲ್ಲ. ಹಾಗಾದರೆ ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುವುದೇಕೆ ಎಂದು ಕೇಳಬಹುದು. ಅದೇ ಫ್ರೀಜರಿನಲ್ಲಿ ಬಾಯಿ ತೆರೆದ ಐಸ್ ಟ್ರೇ ವರ್ಷಗಟ್ಟಲೆ ಒಡೆಯದೆ ಬಾಳುತ್ತದೆ ಎಂಬುದನ್ನೂ ಗಮನಿಸಬೇಕು. ಎರಡಕ್ಕೂ ಇರುವ ವ್ಯತ್ಯಾಸ ಮುಚ್ಚಳದ್ದು. ಬಾಟಲಿಯೊಳಗೆ ಇನ್ನೂ ಗಡ್ಡೆಯಾಗದೆ ಉಳಿದ ನೀರಿಗೆ ಹೋಗಲು ದಾರಿಯಿಲ್ಲ, ಟ್ರೇಯಲ್ಲಿ ಇದೆ.

ಮನೆಯ ಪೈಪಿನಲ್ಲಿ ಆ ಮುಚ್ಚಳದ ಕೆಲಸ ಮಾಡುವುದು ನಾವು ಬಿಗಿಯಾಗಿ ತಿರುಗಿಸಿಟ್ಟ ನಲ್ಲಿಯೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧನಾ ವಿಭಾಗ 1990ರ ದಶಕದಲ್ಲಿ ಈ ವಿಷಯವನ್ನು ಪ್ರಯೋಗಕ್ಕಿಳಿಸಿತು. ಪೈಪುಗಳನ್ನು ಅಟ್ಟದ ಚಳಿಗೆ ಒಡ್ಡಿ, ಒಳಗಿನ ತಾಪಮಾನ ಮತ್ತು ಒತ್ತಡಗಳನ್ನು ಅಳೆದು ನೋಡಿದಾಗ ಕಂಡದ್ದು ಇದು: ಪೈಪಿನ ಯಾವುದೋ ಒಂದು ಜಾಗದಲ್ಲಿ ಗಡ್ಡೆ ಅಡ್ಡಲಾಗಿ ಕಟ್ಟಿಕೊಂಡು ಬಿರಡೆಯಾಗುತ್ತದೆ. ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ನೀರು ಸಿಕ್ಕಿಬೀಳುತ್ತದೆ. ಬಾಯಿ ಮುಚ್ಚಿದ ಪಿಚಕಾರಿಯ ಹಿಡಿಯನ್ನು ತಳ್ಳಿದ ಹಾಗೆ, ಬೆಳೆಯುವ ಬಿರಡೆ ಈ ನೀರನ್ನು ಹಿಂಡುತ್ತ ಹೋಗುತ್ತದೆ. ಮನೆಯ ಪೈಪಿನಲ್ಲಿ ಮಾಮೂಲಿಯಾಗಿ ಇರುವುದು ಮೂರರಿಂದ ಐದು ವಾಯುಭಾರದಷ್ಟು ಒತ್ತಡ. ಗಡ್ಡೆಯ ಜೊತೆ ಸಿಕ್ಕಿಬಿದ್ದ ನೀರಿನಲ್ಲಾದರೋ ತಾಪಮಾನ ಸೊನ್ನೆಯಿಂದ ಒಂದೊಂದು ಡಿಗ್ರಿ ಇಳಿದಂತೆಲ್ಲ ಒತ್ತಡ ಸುಮಾರು 130 ವಾಯುಭಾರದಷ್ಟು ಏರಬಲ್ಲದು. ಮೂರು ನಾಲ್ಕು ಡಿಗ್ರಿ ಇಳಿಯುವಷ್ಟರಲ್ಲಿ ತಾಮ್ರದ ಪೈಪು ಸೋಲೊಪ್ಪಿಕೊಳ್ಳುವ ಮಟ್ಟ ಮುಟ್ಟುತ್ತದೆ. ಒತ್ತಡ ಸಿಕ್ಕಿಬಿದ್ದ ನೀರಿನ ಉದ್ದಕ್ಕೂ ಒಂದೇ ಸಮನಾಗಿ ಹರಡುವುದರಿಂದ ಸೀಳು ಬೀಳುವುದು ಅತಿ ದುರ್ಬಲವಾದ ಜಾಗದಲ್ಲಿ. ಅಲ್ಲಿ ಒಂದು ಚೂರೂ ಗಡ್ಡೆ ಇಲ್ಲದಿರಬಹುದು. ಅಟ್ಟದ ಮೇಲೆ ಬಿರಡೆ ಕಟ್ಟಿ, ಬೆಚ್ಚಗಿನ ಬಚ್ಚಲಿನ ಗೋಡೆಯೊಳಗೆ ಪೈಪು ಒಡೆಯುವುದು ಹೀಗೆ.

ಈ ಬಿರಡೆ ಕಟ್ಟುವ ಬಗೆಯೇ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಬೆರಗಿನದು. ಸೊನ್ನೆ ಡಿಗ್ರಿಗೆ ನೀರು ಗಡ್ಡೆಯಾಗುತ್ತದೆ ಎನ್ನುವುದು ಅರ್ಧ ಸತ್ಯ. ಗಡ್ಡೆಯಾಗಲು ಮೊದಲ ಹರಳೊಂದು ಹುಟ್ಟಬೇಕು, ಅದಕ್ಕೊಂದು ನೆಪ ಬೇಕು. ನೆಪ ಸಿಗುವವರೆಗೆ ಅಲುಗಾಡದ ನೀರು ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿದರೂ ನೀರಾಗಿಯೇ ಉಳಿಯಬಲ್ಲದು. ಇದನ್ನು ಅತಿಶೀತಲ ನೀರು ಎನ್ನುತ್ತಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಆರ್. ಆರ್. ಗಿಲ್ಪಿನ್ 1970ರ ದಶಕದಲ್ಲಿ ಪೈಪಿನೊಳಗೆ ಇಂಥ ನೀರು ಏನಾಗುತ್ತದೆಂದು ಶೋಧಿಸಿದರು. ಮೊದಲ ಹರಳು ಹುಟ್ಟಿದ್ದೇ ತಡ, ಕವಲು ಕವಲಾದ ತೆಳು ಹಾಳೆಗಳು ಪೈಪಿನ ಅಡ್ಡಕ್ಕೂ ಉದ್ದಕ್ಕೂ ಸರ್ರನೆ ಚಾಚಿಕೊಳ್ಳುತ್ತವೆ. ಆ ಕ್ಷಣದಲ್ಲಿ ಎಷ್ಟು ನೀರು ಗಡ್ಡೆಯಾಗುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಒಂದು ಗ್ರಾಂ ನೀರು ಗಡ್ಡೆಯಾಗುವಾಗ 80 ಕ್ಯಾಲೊರಿ ಶಾಖ ಹೊರಬಿಡುತ್ತದೆ. ಐದು ಡಿಗ್ರಿ ಅತಿಶೀತಲವಾದ ಒಂದು ಗ್ರಾಂ ನೀರು ಮತ್ತೆ ಸೊನ್ನೆಗೆ ಬರಲು ಹೀರಿಕೊಳ್ಳುವುದು ಐದೇ ಕ್ಯಾಲೊರಿ. ಅಂದರೆ ನೂರಕ್ಕೆ ಸುಮಾರು ಆರು ಪಾಲು ನೀರು ಗಡ್ಡೆಯಾದೊಡನೆ ಉಳಿದದ್ದೆಲ್ಲ ಸೊನ್ನೆಗೆ ಮರಳಿ, ಅವಸರ ಅಲ್ಲಿಗೆ ನಿಲ್ಲುತ್ತದೆ. 94 ಪಾಲು ಇನ್ನೂ ನೀರೇ. ಆದರೂ ಹೆಣೆದುಕೊಂಡ ಆ ಆರು ಪಾಲು ಹಾಳೆಗಳು ಪೈಪಿನಲ್ಲಿ ಹರಿವನ್ನು ಕಟ್ಟಿಹಾಕಲು ಸಾಕಾಗುತ್ತವೆ. ಗೋಡೆಯಿಂದ ಮೆಲ್ಲನೆ ಬೆಳೆಯುವ ಗಡ್ಡೆ ಪೈಪು ಮುಚ್ಚಲು ಗಂಟೆಗಟ್ಟಲೆ ತೆಗೆದುಕೊಂಡರೆ, ಅತಿಶೀತಲ ನೀರು ಆ ಕೆಲಸವನ್ನು ಎಷ್ಟೋ ಬೇಗ ಮುಗಿಸುತ್ತದೆ. ಹೊರಗಿನ ಚಳಿ ಸೊನ್ನೆ ಮುಟ್ಟಿದೊಡನೆ ಪೈಪುಗಳಿಗೆ ಏನೂ ಆಗದಿರುವುದರ ಹಿಂದೆಯೂ ಈ ಗುಣದ ಪಾತ್ರವಿದೆ. ಹೊದಿಕೆಯಿಲ್ಲದ ಪೈಪು ಅಟ್ಟದ ಮೇಲಿರುವ ಮನೆಗಳಿಗೆ ಇಲಿನಾಯ್ ಸಂಶೋಧಕರು ಗುರುತಿಸಿದ ಎಚ್ಚರಿಕೆಯ ಗೆರೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿದೆ. ಆದರೆ ಗೋಡೆಯ ತೂತಿನಿಂದ ಗಾಳಿ ನೇರವಾಗಿ ಪೈಪಿಗೆ ಬೀಸುತ್ತಿದ್ದರೆ ಈ ಗೆರೆಯನ್ನು ನಂಬುವಂತಿಲ್ಲ. ಚಳಿಗಾಲಕ್ಕೆ ಮುಂಚೆ ಅಂಥ ತೂತುಗಳನ್ನು ಮುಚ್ಚುವುದು ಅತಿ ಅಗ್ಗದ, ಅತಿ ಫಲಕಾರಿ ಕೆಲಸ.

ಈಗ ತೊಟ್ಟಿಕ್ಕುವ ನಲ್ಲಿಯ ಲೆಕ್ಕ ನೋಡೋಣ. ನಿಮಿಷಕ್ಕೆ 20 ಹನಿ ಎಂದರೆ ಸುಮಾರು ಒಂದು ಮಿಲಿಲೀಟರ್. ನೆಲದಡಿಯಿಂದ 10 ಡಿಗ್ರಿಯಲ್ಲಿ ಬರುವ ಈ ನೀರು ಹೊತ್ತು ತರುವ ಶಾಖ ಒಂದು ವಾಟ್‌ಗೂ ಕಡಿಮೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಗಾಳಿಯಲ್ಲಿ ಬರಿಮೈಯಲ್ಲಿರುವ ಮೂರು ಮೀಟರ್ ಪೈಪು ಕಳೆದುಕೊಳ್ಳುವ ಶಾಖ ಹತ್ತು ವಾಟ್‌ಗಳ ಆಸುಪಾಸು. ಹನಿಯ ಬಿಸಿ ಪೈಪನ್ನು ಕಾಯುತ್ತದೆ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಒತ್ತಡದ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಆ ಮೂರು ಮೀಟರ್ ಅರ್ಧ ಇಂಚಿನ ಪೈಪಿನಲ್ಲಿರುವ ನೀರು ಅರ್ಧ ಲೀಟರಿಗೂ ಕಡಿಮೆ. ಅದಷ್ಟೂ ಗಡ್ಡೆಯಾದರೂ ಹೆಚ್ಚುವರಿಯಾಗಿ ಹೊರಬರಬೇಕಾದದ್ದು 40 ಮಿಲಿಲೀಟರ್, ಒಂದು ಸಣ್ಣ ಕಾಫಿ ಲೋಟದಷ್ಟೂ ಇಲ್ಲ. ಹನಿಯುವ ನಲ್ಲಿ ಅಷ್ಟನ್ನು ಮುಕ್ಕಾಲು ಗಂಟೆಯೊಳಗೆ ಹೊರಹಾಕುತ್ತದೆ. ಮೇಲೆಲ್ಲೋ ಬಿರಡೆ ಕಟ್ಟಿ ಹರಿವು ನಿಂತುಹೋದರೂ ಚಿಂತೆಯಿಲ್ಲ, ಹಿಂಡಿಸಿಕೊಂಡ ನೀರಿಗೆ ಬಾಗಿಲು ತೆರೆದಿದೆ. ಬೆಳಿಗ್ಗೆ ನಲ್ಲಿ ಒಣಗಿದ್ದರೆ ‘ಉಪಾಯ ಫಲಿಸಲಿಲ್ಲ’ ಎಂದುಕೊಂಡು ಅದನ್ನು ಮುಚ್ಚಿಬಿಡುವವರು ಇರುವ ಒಂದೇ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ. ಒಣಗಿದ ನಲ್ಲಿಯನ್ನು ತೆರೆದೇ ಇಡಬೇಕು.

ಇದೇ ತರ್ಕ ಹಿಡಿದು ಹೋದರೆ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಒಂದು ನಲ್ಲಿ ಬಿಟ್ಟರೆ ಇಡೀ ಮನೆಗೆ ರಕ್ಷಣೆ ಸಿಗುತ್ತದೆಯೇ? ಇಲ್ಲ. ಆ ನಲ್ಲಿ ತನ್ನ ಕವಲಿನ ಒತ್ತಡವನ್ನು ಮಾತ್ರ ಇಳಿಸುತ್ತದೆ. ಹೊರಗೋಡೆ, ಅಟ್ಟ, ಗ್ಯಾರೇಜು ದಾಟಿ ಬರುವ ಪ್ರತಿ ಕವಲಿನ ತುದಿಯಲ್ಲೂ ಒಂದು ನಲ್ಲಿ ಹನಿಯಬೇಕು. ತಣ್ಣೀರಿನದು ಸಾಕೇ? ಸಾಲದು. ಬಿಸಿನೀರಿನ ಪೈಪುಗಳೇ ಹೆಚ್ಚಾಗಿ ಒಡೆಯುತ್ತವೆ ಎಂಬ ಪ್ಲಂಬರ್‌ಗಳ ಮಾತನ್ನು ಎಫ್. ಸಿ. ಬ್ರೌನ್ ಎಂಬ ಭೌತವಿಜ್ಞಾನಿ 1916ರಲ್ಲೇ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಚರ್ಚಿಸಿದ್ದರು. ಒಮ್ಮೆ ಕಾದು ಆರಿದ ನೀರು ಹೆಚ್ಚು ಅತಿಶೀತಲವಾಗುತ್ತದೆ, ಹಾಗಾಗಿ ಪೈಪನ್ನು ಅಡ್ಡಗಟ್ಟುವ ಕವಲು ಹಾಳೆಗಳನ್ನು ಕಟ್ಟುವ ಸಂಭವವೂ ಹೆಚ್ಚು. ಎರಡೂ ನೀರು ಒಂದೇ ಬಾಯಿಯಲ್ಲಿ ಬರುವ ನಲ್ಲಿಯಾದರೆ ಹಿಡಿಯನ್ನು ನಡುವಿಗೆ ತಂದು ಹನಿ ಬಿಡಬೇಕು. ಇನ್ನು ನೀರಿನ ಪೋಲು. ಇದು ನ್ಯಾಯವಾದ ಆಕ್ಷೇಪ. ಆದರೆ ನಿಮಿಷಕ್ಕೆ ಒಂದು ಮಿಲಿಲೀಟರ್ ಎಂದರೆ ಇಡೀ ದಿನಕ್ಕೆ ಒಂದೂವರೆ ಲೀಟರ್, ಅದನ್ನು ಕೆಳಗೊಂದು ಪಾತ್ರೆಯಿಟ್ಟು ಹಿಡಿದರೆ ಅದೂ ಪೋಲಲ್ಲ. ಒಡೆದ ಪೈಪು ಅಷ್ಟನ್ನು ನಿಮಿಷವೊಂದರಲ್ಲೇ ಸುರಿಸಬಲ್ಲದು. ಕಡುಚಳಿಯ ರಾತ್ರಿ ಹನಿಯುವ ನಲ್ಲಿ ಮನೆಯ ಸಂಪತ್ತನ್ನು ಉಳಿಸುತ್ತದೆಯೇ ಹೊರತು ಕಳೆಯುವುದಿಲ್ಲ. ವಾಸ್ತುವಿನ ಮಾತು ಕೇಳಿ ಅದನ್ನು ಬಿಗಿಯುವವರು ನಷ್ಟವನ್ನು ತಾವೇ ಕರೆದು ಒಳಗೆ ಕೂರಿಸಿಕೊಳ್ಳುತ್ತಾರೆ.

ಹನಿಗೂ ಒಂದು ಮಿತಿಯಿದೆ. ಚಳಿ ಎರಡು ಮೂರು ದಿನ ಬಿಡದೆ ಕೂತರೆ, ಕರೆಂಟು ಹೋಗಿ ಮನೆಯೇ ತಣ್ಣಗಾದರೆ, ನಲ್ಲಿಯ ಬಾಯಿಯವರೆಗೆ ಎಲ್ಲವೂ ಗಡ್ಡೆಯಾಗಬಹುದು. ಜೊತೆಗೆ ಊರಿಗೆ ಊರೇ ನಲ್ಲಿ ಬಿಟ್ಟರೆ ನಗರದ ಕೊಳವೆಯ ಒತ್ತಡ ಕುಸಿಯುತ್ತದೆ. 2021ರಲ್ಲಿ ಹ್ಯೂಸ್ಟನ್ ನಗರಾಡಳಿತ ಪೈಪು ಕಾಯಲೆಂದು ನೀರು ಬಿಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇದೇ ತತ್ವದ ಮುಂದಿನ ಹೆಜ್ಜೆ: ಮೇನ್ ವಾಲ್ವ್ ಮುಚ್ಚಿ, ಮನೆಯ ಅತಿ ಕೆಳಗಿನ ನಲ್ಲಿಯನ್ನೂ ಅತಿ ಮೇಲಿನ ನಲ್ಲಿಯನ್ನೂ ತೆರೆದು ಪೈಪುಗಳನ್ನು ಬರಿದು ಮಾಡುವುದು. ಸಿಕ್ಕಿಬೀಳಲು ನೀರೇ ಇಲ್ಲದಲ್ಲಿ ಒತ್ತಡ ಹುಟ್ಟುವುದಿಲ್ಲ. ಅಲ್ಲಿ ಇಲ್ಲಿ ಸ್ವಲ್ಪ ನೀರು ಉಳಿದರೂ ಜೊತೆಗಿರುವ ಗಾಳಿ ಕುಗ್ಗಿ ಅದಕ್ಕೆ ಜಾಗ ಕೊಡುತ್ತದೆ. ಪೈಪಿಗೆ ಫೋಮ್ ಹೊದಿಸಿದ್ದೇನೆ, ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು: ಹೊದಿಕೆ ಶಾಖವನ್ನು ಉತ್ಪಾದಿಸುವುದಿಲ್ಲ, ಸೋರಿಹೋಗುವುದನ್ನು ತಡಮಾಡುತ್ತದೆ ಅಷ್ಟೆ. ಒಂದು ರಾತ್ರಿಯ ಚಳಿಗೆ ಆ ತಡ ಸಾಕು, ವಾರದ ಚಳಿಗೆ ಸಾಲದು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡುವುದು ಇದಕ್ಕೆ ಪೂರಕ, ಏಕೆಂದರೆ ಅದು ಕೋಣೆಯ ಬಿಸಿಯನ್ನು ಪೈಪಿನವರೆಗೆ ಒಯ್ಯುತ್ತದೆ.

ಕೊನೆಗೊಂದು ತಪ್ಪು ತಿಳಿವಳಿಕೆ ಉಳಿದಿದೆ: ಪೈಪು ಒಡೆಯುವುದು ಗಡ್ಡೆ ಕರಗುವಾಗ ಎಂಬುದು. ನೀರು ಚಿಮ್ಮುವುದು ಆಗಲೇ ಆದ್ದರಿಂದ ಹಾಗೆ ಕಾಣುತ್ತದೆ. ಸೀಳು ಅದಕ್ಕೆ ಮೊದಲೇ ಬಿದ್ದಿರುತ್ತದೆ, ಬಿರಡೆ ಇರುವವರೆಗೆ ಬೀದಿಯ ನೀರು ಅಲ್ಲಿಗೆ ತಲುಪಿರುವುದಿಲ್ಲ. ಆದ್ದರಿಂದ ಕರಗಿಸಲು ಹೊರಡುವ ಮುಂಚೆ ಮೇನ್ ವಾಲ್ವ್ ಎಲ್ಲಿದೆ ಎಂದು ನೋಡಿಕೊಂಡಿರಬೇಕು, ನಲ್ಲಿ ತೆರೆದಿರಬೇಕು, ಬಿಸಿ ಕೊಡುವುದನ್ನು ನಲ್ಲಿಯ ಕಡೆಯಿಂದ ಶುರುಮಾಡಬೇಕು. ಹೇರ್ ಡ್ರೈಯರ್ ಇಲ್ಲವೇ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸಾಕು. ಡಿಸೆಂಬರ್ 21ರಿಂದ ನಲವತ್ತು ದಿನ ನಡೆಯುವ ಚಿಲ್ಲಾಯ್ ಕಲಾನ್ ಎಂಬ ಕಡುಚಳಿಯಲ್ಲಿ ಶ್ರೀನಗರದ ಜನ ನಲ್ಲಿಯ ಬುಡಕ್ಕೆ ಬೆಂಕಿ ಹಾಕುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ನೀರಿಲ್ಲದ ಸಂಕಟ ಅರ್ಥವಾಗುವಂಥದ್ದೇ. ಆದರೆ ಪ್ಲಾಸ್ಟಿಕ್ ಪೈಪು ಬೆಂಕಿಗೆ ಮೆತ್ತಗಾಗುತ್ತದೆ, ಗೋಡೆಯೊಳಗಿನ ಮರಕ್ಕೆ ಕಿಡಿ ತಗುಲುತ್ತದೆ, ಎರಡು ಬಿರಡೆಗಳ ನಡುವೆ ನೀರು ಆವಿಯಾದರೆ ಪೈಪು ಸಿಡಿಯುತ್ತದೆ.

ಚಳಿನಾಡಿಗೆ ಹೊಸದಾಗಿ ಹೋಗುವ ಪ್ರತಿಯೊಬ್ಬರಿಗೂ ಮನೆ ಮಾಲೀಕರಿಂದ ಸೂಚನೆಗಳ ಉದ್ದ ಪಟ್ಟಿ ಸಿಗುತ್ತದೆ. ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನೀರು ಎಲ್ಲಿ ಸಿಕ್ಕಿಬೀಳಬಹುದು, ಅದಕ್ಕೆ ಹೊರದಾರಿ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಮನೆಯ ಪೈಪುಗಳನ್ನು ಮೇನ್ ವಾಲ್ವ್‌ನಿಂದ ಕೊನೆಯ ನಲ್ಲಿಯವರೆಗೆ ಒಮ್ಮೆ ಹಿಂಬಾಲಿಸಿದರೆ ಸಾಕು, ಆ ಪಟ್ಟಿಯ ಬಹುಪಾಲು ಸೂಚನೆಗಳನ್ನು ನಾವೇ ಬರೆಯಬಹುದು. ಅಟ್ಟಕ್ಕೆ ಏಣಿ ಹಾಕಿ ಈ ಕೆಲಸ ಮಾಡಲು ನವೆಂಬರ್ ತಿಂಗಳೇ ಸರಿಯಾದ ಸಮಯ. ಚಳಿಯ ಎಚ್ಚರಿಕೆ ಮೊಬೈಲಿಗೆ ಬಂದ ಮೇಲೆ ಅಷ್ಟು ಸಮಾಧಾನವಾಗಿ ಹುಡುಕಲು ಆಗುವುದಿಲ್ಲ.