ಬಸಿರಿನ ಮೊದಲ ಎಂಟು ವಾರಗಳು

ಬಸುರಿಯನ್ನು ಗೌರವಿಸಿ ಆರೈಕೆ ಮಾಡುವ ಪದ್ಧತಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಏಳನೆಯ ತಿಂಗಳು ತುಂಬುತ್ತಲೇ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಕೆಯ ಅಡುಗೆಗಳನ್ನು ಉಣಿಸಿ ಮಗಳನ್ನು ತವರಿಗೆ ಕರೆತರುತ್ತಾರೆ. ಆದರೆ ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಆ ವೇಳೆಗೆ ಶಿಶುವಿನ ಅಂಗಾಂಗಗಳು ರೂಪುಗೊಂಡು ಹಲವು ತಿಂಗಳುಗಳೇ ಕಳೆದಿರುತ್ತವೆ. ಹೃದಯ, ಮಿದುಳು, ಬೆನ್ನುಹುರಿ, ಕೈಕಾಲು, ಕಣ್ಣು, ಕಿವಿ ಇವೆಲ್ಲವುಗಳ ಮೂಲರಚನೆ ಮೊದಲ ಎಂಟು ವಾರಗಳಲ್ಲಿಯೇ ಆಗಿಬಿಡುತ್ತದೆ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಸೊಸೆ ಬಸುರಿ ಎಂಬ ಸುದ್ದಿಯೂ ಹೊರಬಿದ್ದಿರುವುದಿಲ್ಲ. ಆದಕಾರಣ ಗರ್ಭದಲ್ಲಿ ಜೀವವು ಹೇಗೆ ಬೆಳೆಯುತ್ತದೆ ಎಂಬುದನ್ನು ಮನೆಯ ಹಿರಿಯರೂ ಕಿರಿಯರೂ ತಿಳಿದಿರುವುದು ಅವಶ್ಯ.

ಎರಡು ಕಣಗಳ ಕೂಡಿಕೆ

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ಅಪಕ್ವ ಅಂಡಗಳಿರುತ್ತವೆ. ಮೈನೆರೆಯುವ ವೇಳೆಗೆ ಅವುಗಳಲ್ಲಿ ಬಹುಪಾಲು ನಶಿಸಿ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು ಸುಮಾರು 400 ಮಾತ್ರ. ತಿಂಗಳಿಗೆ ಒಂದರಂತೆ, ಮುಟ್ಟು ಕಂಡ ದಿನದಿಂದ ಸುಮಾರು ಹದಿನಾಲ್ಕನೆಯ ದಿನಕ್ಕೆ, ಒಂದು ಅಂಡಾಣು ಹೊರಬಂದು ಅಂಡನಾಳವನ್ನು ಸೇರುತ್ತದೆ. ಅದರ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಪುರುಷನ ವೀರ್ಯಾಣುಗಳಾದರೋ ಸ್ತ್ರೀಯ ದೇಹದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲವು. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಅಂಡನಾಳವನ್ನು ತಲುಪುವವು ಕೆಲವು ನೂರು. ಅಂಡದೊಳಗೆ ಪ್ರವೇಶಿಸುವುದು ಒಂದೇ ಒಂದು. ಒಂದು ಒಳಹೊಕ್ಕೊಡನೆ ಅಂಡದ ಹೊರಕವಚವು ಬದಲಾವಣೆ ಹೊಂದಿ ಉಳಿದವುಗಳಿಗೆ ದಾರಿ ಮುಚ್ಚುತ್ತದೆ.

ಅಂಡಾಣುವಿನಲ್ಲಿ 23, ವೀರ್ಯಾಣುವಿನಲ್ಲಿ 23 ವರ್ಣತಂತುಗಳಿರುತ್ತವೆ. ಇವೆರಡೂ ಕೂಡಿ 46 ವರ್ಣತಂತುಗಳುಳ್ಳ ಒಂದು ಜೀವಕೋಶವಾಗುತ್ತದೆ. ಬಣ್ಣ, ಎತ್ತರ, ರಕ್ತದ ಗುಂಪು ಮುಂತಾದ ಆನುವಂಶಿಕ ಗುಣಗಳು ತಂದೆ ತಾಯಿಗಳಿಬ್ಬರಿಂದಲೂ ಶಿಶುವಿಗೆ ಬರುವುದು ಹೀಗೆ.

ಗಂಡೋ ಹೆಣ್ಣೋ ಎಂಬುದು ಯಾರಿಂದ?

ಈ ಕೂಡಿಕೆಯ ಗಳಿಗೆಯಲ್ಲಿಯೇ ಮಗು ಗಂಡೋ ಹೆಣ್ಣೋ ಎಂಬುದೂ ನಿಶ್ಚಯವಾಗುತ್ತದೆ. ತಾಯಿಯ ಎಲ್ಲ ಅಂಡಾಣುಗಳಲ್ಲಿಯೂ ಎಕ್ಸ್ ಎಂಬ ವರ್ಣತಂತುವೇ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಭಾಗ ಎಕ್ಸ್ ಉಳ್ಳವು, ಅರ್ಧ ಭಾಗ ವೈ ಉಳ್ಳವು. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಬಂದು ಸೇರಿದರೆ ಗಂಡು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಮತ್ತು ಎಡ್ಮಂಡ್ ವಿಲ್ಸನ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಕೀಟಗಳನ್ನು ಪರೀಕ್ಷಿಸಿ ಲಿಂಗನಿರ್ಣಯದಲ್ಲಿ ವರ್ಣತಂತುಗಳ ಪಾತ್ರವನ್ನು ಕಂಡುಕೊಂಡರು. ಮನುಷ್ಯರಲ್ಲಿ ಗಂಡುತನಕ್ಕೆ ವೈ ವರ್ಣತಂತುವೇ ಕಾರಣವೆಂಬುದು 1959ರಲ್ಲಿ ಖಚಿತವಾಯಿತು.

ಹೀಗಿದ್ದೂ ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವ, ಎರಡನೆಯ ಮದುವೆಯ ಮಾತೆತ್ತುವ ಮನೆಗಳು ಇನ್ನೂ ಇವೆ. ತಾಯಿಯ ಬಳಿ ವೈ ವರ್ಣತಂತುವೇ ಇಲ್ಲದಿರುವಾಗ ಅವಳನ್ನು ದೂರುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು. ತಂದೆಯನ್ನು ದೂರಿಯೂ ಫಲವಿಲ್ಲ. ಯಾವ ವೀರ್ಯಾಣು ಮುಂದಾಗಬೇಕೆಂಬುದು ಅವನ ಇಚ್ಛೆಯಲ್ಲಿಲ್ಲ. ಗಂಡು ಮಗುವಿಗೆಂದು ಕೊಡುವ ಔಷಧಿಗಳಿಂದಲೂ ಪ್ರಯೋಜನವಿಲ್ಲ. ಲಿಂಗವು ಕೂಡಿಕೆಯ ಗಳಿಗೆಯಲ್ಲಿಯೇ ನಿಶ್ಚಯವಾದ ಮೇಲೆ ಯಾವ ಬೇರು, ಯಾವ ಭಸ್ಮವೂ ಅದನ್ನು ಬದಲಿಸಲಾರದು. ನಮ್ಮ ದೇಶದಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರ ಜನಗಣತಿಯಲ್ಲಿ ಆ ಸಂಖ್ಯೆ 927ಕ್ಕೆ ಇಳಿಯಿತು. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು 1994ರ ಕಾಯಿದೆಯು ನಿಷೇಧಿಸಿದೆ. ಅದನ್ನು ಮಾಡುವುದೂ ಮಾಡಿಸುವುದೂ ಶಿಕ್ಷಾರ್ಹ ಅಪರಾಧ.

ಗರ್ಭಕೋಶದಲ್ಲಿ ನೆಲೆಗೊಳ್ಳುವುದು

ಕೂಡಿಕೆಯ ನಂತರ ಸುಮಾರು ಮೂವತ್ತು ತಾಸುಗಳಲ್ಲಿ ಒಂದು ಜೀವಕೋಶ ಎರಡಾಗುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಮೂರು ನಾಲ್ಕು ದಿನಗಳಲ್ಲಿ ಹಿಪ್ಪುನೇರಳೆ ಹಣ್ಣಿನಂತೆ ಕಾಣುವ ಒಂದು ಪುಟ್ಟ ಮುದ್ದೆಯಾಗುತ್ತದೆ. ಆರೇಳು ದಿನಗಳ ಹೊತ್ತಿಗೆ ಅದು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡು ಮೆಲ್ಲಗೆ ಅದರೊಳಗೆ ಹುದುಗಿಕೊಳ್ಳುತ್ತದೆ. ಅನಂತರ ಅದು ಸ್ರವಿಸುವ ರಸಾಯನವೊಂದು ತಾಯಿಯ ಮುಟ್ಟನ್ನು ತಡೆಯುತ್ತದೆ. ಮೂತ್ರಪರೀಕ್ಷೆಯಿಂದ ಬಸಿರನ್ನು ಪತ್ತೆಹಚ್ಚುವುದು ಇದೇ ರಸಾಯನದ ಮೂಲಕ.

ಇಲ್ಲಿ ದಿನಗಳ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ವೈದ್ಯರು ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರಗಳನ್ನು ಎಣಿಸುತ್ತಾರೆ. ಕೂಡಿಕೆಯ ದಿನದಿಂದ ಎಣಿಸಿದರೆ ಅದು 266 ದಿನ, ಅಂದರೆ 38 ವಾರ. ಈ ಲೇಖನದಲ್ಲಿ ಭ್ರೂಣದ ವಯಸ್ಸನ್ನು ಕೂಡಿಕೆಯ ದಿನದಿಂದಲೇ ಹೇಳಲಾಗಿದೆ. ಮುಟ್ಟು ಮೊದಲ ಸಲ ತಪ್ಪಿದ ದಿನ ಭ್ರೂಣಕ್ಕೆ ಆಗಲೇ ಎರಡು ವಾರ. ಇನ್ನೊಂದು ತಿಂಗಳು ನೋಡೋಣವೆಂದು ಕಾಯ್ದರೆ ಆರು ವಾರ. ಆ ನಾಲ್ಕು ವಾರಗಳಲ್ಲಿ ಏನೇನು ನಡೆದುಹೋಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಮೂರು ಪದರಗಳಿಂದ ಇಡೀ ದೇಹ

ಮೂರನೆಯ ವಾರದಲ್ಲಿ ಭ್ರೂಣವು ಮೂರು ಪದರಗಳ ಒಂದು ತಟ್ಟೆಯಂತಿರುತ್ತದೆ. ಮೇಲಿನ ಪದರದಿಂದ ಚರ್ಮ, ಮಿದುಳು, ನರಗಳು. ನಡುವಿನ ಪದರದಿಂದ ಎಲುಬು, ಸ್ನಾಯು, ಹೃದಯ, ರಕ್ತ, ಮೂತ್ರಪಿಂಡಗಳು. ಕೆಳಗಿನ ಪದರದಿಂದ ಅನ್ನನಾಳದ ಒಳಮೈ, ಪುಪ್ಪುಸ, ಯಕೃತ್ತು ರೂಪುಗೊಳ್ಳುತ್ತವೆ. ಸುಮಾರು 22ನೆಯ ದಿನಕ್ಕೆ ಹೃದಯವು ಮಿಡಿಯಲಾರಂಭಿಸುತ್ತದೆ. ನಾಲ್ಕನೆಯ ವಾರದ ಕೊನೆಗೆ ಕೈಕಾಲುಗಳು ಮೊಗ್ಗುಗಳಂತೆ ಮೂಡುತ್ತವೆ. ಎಂಟನೆಯ ವಾರದ ಕೊನೆಗೆ ಭ್ರೂಣದ ಉದ್ದ ಕೇವಲ ಮೂರು ಸೆಂಟಿಮೀಟರ್. ಆದರೂ ಅದಕ್ಕೆ ಬೆರಳುಗಳಿವೆ, ಮುಖವಿದೆ, ಎಲ್ಲ ಮುಖ್ಯ ಅಂಗಗಳ ಮೂಲರೂಪವಿದೆ. ಗಂಡು ಹೆಣ್ಣೆಂಬ ಹೊರಗಿನ ಗುರುತು ಮಾತ್ರ ಆಗಲೂ ಇಬ್ಬರಲ್ಲಿಯೂ ಒಂದೇ ಬಗೆಯಾಗಿರುತ್ತದೆ.

ಇವುಗಳಲ್ಲಿ ಮಿದುಳು ಮತ್ತು ಬೆನ್ನುಹುರಿಯ ರಚನೆಯನ್ನು ವಿಶೇಷವಾಗಿ ಗಮನಿಸಬೇಕು. ಮೇಲಿನ ಪದರದ ನಡುಭಾಗವು ತಗ್ಗಾಗಿ, ಅದರ ಎರಡು ಅಂಚುಗಳು ಮೇಲೆದ್ದು, ವೀಳ್ಯದೆಲೆಯನ್ನು ಮಡಿಚಿ ಕೊಳವೆ ಮಾಡಿದಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದಕ್ಕೆ ನರನಾಳವೆಂದು ಹೆಸರು. ಇದು 28ನೆಯ ದಿನದ ಹೊತ್ತಿಗೆ ಪೂರ್ತಿಯಾಗಿ ಮುಚ್ಚಿಕೊಳ್ಳಬೇಕು. ಮೇಲ್ತುದಿ ಮುಚ್ಚದಿದ್ದರೆ ಮಿದುಳು ಬೆಳೆಯದೆ ಮಗು ಉಳಿಯುವುದಿಲ್ಲ. ಕೆಳಭಾಗ ಮುಚ್ಚದಿದ್ದರೆ ಬೆನ್ನುಹುರಿ ತೆರೆದುಕೊಂಡೇ ಮಗು ಹುಟ್ಟುತ್ತದೆ; ಅನೇಕ ಮಕ್ಕಳಿಗೆ ಕಾಲುಗಳಲ್ಲಿ ಬಲವಿರುವುದಿಲ್ಲ, ಮಲಮೂತ್ರಗಳ ಹಿಡಿತವಿರುವುದಿಲ್ಲ.

ಈ ದೋಷವನ್ನು ಬಹುಮಟ್ಟಿಗೆ ತಡೆಯಬಹುದು. ಫೋಲಿಕ್ ಆಮ್ಲವೆಂಬ ಜೀವಸತ್ವದ ಕೊರತೆಗೂ ಈ ದೋಷಕ್ಕೂ ಸಂಬಂಧವಿದೆ. ಹಿಂದೆ ಇಂತಹ ಮಗುವನ್ನು ಹೆತ್ತ ತಾಯಂದಿರ ಮೇಲೆ ಹಲವು ದೇಶಗಳಲ್ಲಿ ನಡೆಸಿ 1991ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಿಸಿದ ಅಧ್ಯಯನವು, ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ಸೇವಿಸಿದವರಲ್ಲಿ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತೆಂದು ತೋರಿಸಿಕೊಟ್ಟಿತು. ಮಗು ಬೇಕೆಂದು ಬಯಸುವ ಪ್ರತಿಯೊಬ್ಬ ಸ್ತ್ರೀಯೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮುನ್ನವೇ ಆರಂಭಿಸಿ ಬಸಿರಿನ ಹನ್ನೆರಡನೆಯ ವಾರದವರೆಗೆ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಮೆಂತ್ಯ, ಪಾಲಕ, ಹೆಸರು, ಕಡಲೆ, ಶೇಂಗಾಗಳಲ್ಲಿ ಈ ಜೀವಸತ್ವವಿದೆಯಾದರೂ ಊಟವೊಂದರಿಂದಲೇ ಬೇಕಾದಷ್ಟು ದೊರೆಯುವುದು ಕಷ್ಟ. ಮಾತ್ರೆಯ ಬೆಲೆ ಅತ್ಯಲ್ಪ. ಆದರೆ ಎರಡು ಮುಟ್ಟು ತಪ್ಪಿದ ಮೇಲೆ ಆರಂಭಿಸಿದರೆ ನರನಾಳಕ್ಕೆ ಅದರಿಂದ ಉಪಯೋಗವಿಲ್ಲ, ಏಕೆಂದರೆ ಆ ಕೆಲಸ ಎರಡು ವಾರಗಳ ಹಿಂದೆಯೇ ಮುಗಿದಿರುತ್ತದೆ. ಹಿಂದೆ ಇಂತಹ ಮಗು ಹುಟ್ಟಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ಅಥವಾ ಮೂರ್ಛೆರೋಗಕ್ಕೆ ಔಷಧ ನಡೆದಿದ್ದರೆ ಪ್ರಮಾಣವನ್ನು ವೈದ್ಯರೇ ಗೊತ್ತುಪಡಿಸಬೇಕು. ಮೂರ್ಛೆರೋಗದ ಔಷಧವನ್ನು ತಾನಾಗಿಯೇ ನಿಲ್ಲಿಸುವುದು ಅಪಾಯಕರ.

ಗ್ರಹಣದ ಭಯ ಮತ್ತು ನಿಜವಾದ ಭಯ

ಗ್ರಹಣದ ಹೊತ್ತಿನಲ್ಲಿ ಬಸುರಿ ಚಾಕು ಹಿಡಿದರೆ, ಕಾಯಿಪಲ್ಯ ಹೆಚ್ಚಿದರೆ ಮಗುವಿಗೆ ಸೀಳುತುಟಿಯಾಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ತುಂಬು ಬಸುರಿಯನ್ನು ತಾಸುಗಟ್ಟಲೆ ಅನ್ನನೀರಿಲ್ಲದೆ ಕತ್ತಲೆಯ ಕೋಣೆಯಲ್ಲಿ ಕೂಡಿಸುವುದೂ ಉಂಟು. ಮೇಲ್ದುಟಿಯ ಭಾಗಗಳು ಕೂಡಿಕೊಳ್ಳುವುದು ಏಳನೆಯ ವಾರದ ಹೊತ್ತಿಗೆ. ಅಂಗಳವು ಪೂರ್ತಿ ಕೂಡುವುದು ಹನ್ನೆರಡನೆಯ ವಾರದ ಹೊತ್ತಿಗೆ. ಕೂಡಿ ಆದ ತುಟಿಯನ್ನು ಆರನೆಯ ಅಥವಾ ಎಂಟನೆಯ ತಿಂಗಳಿನ ಯಾವ ಗ್ರಹಣವೂ ಸೀಳಲಾರದು. ಅದಕ್ಕೆ ಮುಂಚೆಯಾದರೂ ಆಕಾಶದ ನೆರಳು ಗರ್ಭವನ್ನು ಮುಟ್ಟುವುದಿಲ್ಲ. ಉಪವಾಸ ಮತ್ತು ನೀರಡಿಕೆ ಮಾತ್ರ ಖಂಡಿತವಾಗಿ ಮುಟ್ಟುತ್ತವೆ.

ನಿಜವಾಗಿ ಅಂಜಬೇಕಾದುದು ಬೇರೆ. 1957ರಲ್ಲಿ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರ ವಾಂತಿಗೂ ಅದನ್ನು ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆಯುವಷ್ಟರಲ್ಲಿ ಅನೇಕ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳು ಬೆಳೆಯದೆ ಹುಟ್ಟಿದ್ದರು. ಆ ಮಾತ್ರೆ ಅಪಾಯ ಮಾಡುತ್ತಿದ್ದುದು ಭ್ರೂಣದ ನಾಲ್ಕೈದನೆಯ ವಾರದ ಸುಮಾರಿನಲ್ಲಿ, ಅಂದರೆ ಕೈಕಾಲುಗಳು ಮೂಡುವ ದಿನಗಳಲ್ಲಿ. ಅದೇ ರೀತಿ 1941ರಲ್ಲಿ ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು, ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲ ಬಂದರೆ ಮಗುವಿಗೆ ಕಣ್ಣಿನ ಪೊರೆ ಬರುವುದನ್ನು ಗುರುತಿಸಿದರು. ಕಿವುಡುತನ, ಹೃದಯದೋಷಗಳೂ ಅದರಿಂದ ಉಂಟಾಗುತ್ತವೆ. ಇದನ್ನು ತಡೆಯಲೆಂದೇ ದಡಾರ-ರುಬೆಲ್ಲ ಲಸಿಕೆಯ ಅಭಿಯಾನವನ್ನು 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮೊದಲಿಗೆ ಆರಂಭಿಸಲಾಯಿತು. ಈ ಲಸಿಕೆಯನ್ನು ಬಸುರಿಗೆ ಕೊಡುವಂತಿಲ್ಲ, ಬಾಲ್ಯದಲ್ಲಿಯೇ ಹಾಕಿಸಬೇಕು.

ಮಾಸು ಮತ್ತು ಹೊಕ್ಕುಳಬಳ್ಳಿ

ತಾಯಿಯ ರಕ್ತವೇ ನೇರವಾಗಿ ಮಗುವಿನ ಮೈಯಲ್ಲಿ ಹರಿಯುತ್ತದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಎರಡು ರಕ್ತಗಳೂ ಬೇರೆ ಬೇರೆ ಹರಿಯುತ್ತವೆ. ಮಾಸಿನಲ್ಲಿ ಅವುಗಳ ನಡುವೆ ತೆಳುವಾದ ಪೊರೆಯಿದ್ದು, ಅದರ ಮೂಲಕ ಪ್ರಾಣವಾಯು ಮತ್ತು ಆಹಾರಾಂಶಗಳು ಮಗುವಿಗೂ, ಕಲ್ಮಶಗಳು ತಾಯಿಗೂ ದಾಟುತ್ತವೆ. ಇದೇ ಪೊರೆಯನ್ನು ತಂಬಾಕಿನ ವಿಷವೂ ಮದ್ಯವೂ ಅನೇಕ ಔಷಧಗಳೂ ದಾಟಬಲ್ಲವು. ಎಲೆ ಅಡಿಕೆಯೊಡನೆ ತಂಬಾಕು ಹಾಕಿಕೊಳ್ಳುವ, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ರೂಢಿಯುಳ್ಳ ತಾಯಂದಿರು ಇದನ್ನು ಅರಿಯಬೇಕು. ಮನೆಯಲ್ಲಿ ಗಂಡಸರು ಸೇದುವ ಬೀಡಿಯ ಹೊಗೆಯೂ ಬಸುರಿಗೆ ಕೆಡುಕೇ.

ಮೂರನೆಯ ತಿಂಗಳಿನಿಂದ ಹೆರಿಗೆಯವರೆಗೆ

ಮೊದಲ ಎಂಟು ವಾರಗಳು ರಚನೆಯ ಕಾಲವಾದರೆ ಮುಂದಿನವು ಬೆಳವಣಿಗೆಯ ಕಾಲ. ಐದನೆಯ ತಿಂಗಳಿನ ಸುಮಾರಿಗೆ ತಾಯಿಗೆ ಮಗುವಿನ ಅಲುಗಾಟ ತಿಳಿಯುತ್ತದೆ. ಆರನೆಯ ತಿಂಗಳಿನ ಹೊತ್ತಿಗೆ ಮಗು ಶಬ್ದಕ್ಕೆ ಸ್ಪಂದಿಸತೊಡಗುತ್ತದೆ. ವೈದ್ಯರ ಲೆಕ್ಕದ 28ನೆಯ ವಾರದಲ್ಲಿ ಅದರ ತೂಕ ಸುಮಾರು ಒಂದು ಕಿಲೋ. ದಿನ ತುಂಬಿದಾಗ ಸುಮಾರು ಮೂರು ಕಿಲೋ. ಎಂದರೆ ಮೂರನೆಯ ಎರಡು ಪಾಲು ತೂಕ ಕೊನೆಯ ಮೂರು ತಿಂಗಳುಗಳಲ್ಲಿ ಕೂಡುತ್ತದೆ. ಹೆರಿಗೆ ಸುಲಭವಾಗಲೆಂದು ಈ ತಿಂಗಳುಗಳಲ್ಲಿ ಊಟ ಕಡಿಮೆ ಮಾಡಿಸುವುದು ತಪ್ಪು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಕಾಯಿಲೆಗಳ ಅಪಾಯ ಹೆಚ್ಚು.

ತಾಯಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸರಕಾರವೇ ಕೊಡುತ್ತದೆ. ಅದನ್ನು ಚಹಾ, ಕಾಫಿಯೊಡನೆ ನುಂಗಬಾರದು. ನಿಂಬೆಯ ಪಾನಕದೊಡನೆ ಸೇವಿಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುವುದನ್ನು ಕಂಡು ಹೆದರಿ ನಿಲ್ಲಿಸಬೇಕಾಗಿಲ್ಲ.

ಸೋದರಿಕೆಯ ಮದುವೆ

ಅಕ್ಕನ ಮಗಳನ್ನು, ಸೋದರತ್ತೆಯ ಇಲ್ಲವೆ ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿದೆ. ಸೋದರಮಾವ ಮತ್ತು ಸೊಸೆಯಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲು, ಅತ್ತೆಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಪಾಲು ಆನುವಂಶಿಕ ಅಂಶಗಳು ಸಮಾನವಾಗಿರುತ್ತವೆ. ಮನೆತನದಲ್ಲಿ ಅಡಗಿದ ದೋಷವೊಂದಿದ್ದರೆ ಅದು ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಪ್ರಕಟವಾಗುವ ಸಂಭವ ಇದರಿಂದ ಹೆಚ್ಚುತ್ತದೆ. ಇಂತಹ ಎಲ್ಲ ದಂಪತಿಗಳಿಗೂ ದೋಷವುಳ್ಳ ಮಕ್ಕಳೇ ಹುಟ್ಟುವರೆಂದಲ್ಲ; ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಆದರೂ ಮನೆತನದಲ್ಲಿ ಕಿವುಡುತನ, ಬುದ್ಧಿಮಾಂದ್ಯ, ರಕ್ತದ ಕಾಯಿಲೆಗಳು ಕಂಡುಬಂದಿದ್ದರೆ ಸಂಬಂಧ ಗೊತ್ತುಮಾಡುವ ಮೊದಲೇ ವೈದ್ಯರನ್ನು ಕೇಳುವುದು ವಿವೇಕ.

ಮನೆಯವರು ಮಾಡತಕ್ಕದ್ದು

ಮದುವೆಯಾದ ಹೆಣ್ಣುಮಗಳು ಮಗುವನ್ನು ಬಯಸುವಾಗಲೇ ಫೋಲಿಕ್ ಆಮ್ಲದ ಮಾತ್ರೆ ಆರಂಭವಾಗಲಿ. ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪರೀಕ್ಷೆ ಆಗಲಿ. ಮುಟ್ಟು ಒಂದು ವಾರ ತಡವಾದರೆ ಮೂತ್ರಪರೀಕ್ಷೆ ಮಾಡಿಸಲಿ. ಸುದ್ದಿ ತಿಳಿದೊಡನೆ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಪಡೆಯಬೇಕು. ಮುಟ್ಟು ತಡವಾದ ದಿನದಿಂದಲೇ ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ, ನಾಟಿ ಮದ್ದನ್ನೂ ಕೊಡಬಾರದು. ಪ್ರತಿ ತಿಂಗಳು 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳು ಬಾವುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಏಳನೆಯ ತಿಂಗಳಿನಲ್ಲಿ ಹಸಿರು ಬಳೆ ತೊಡಿಸುವ ಅತ್ತೆಯೂ ತಾಯಿಯೂ ಇಷ್ಟನ್ನು ತಿಳಿದು ಮದುವೆಯಾದ ಹೊಸತರಲ್ಲಿಯೇ ಸೊಸೆ ಮಗಳಂದಿರಿಗೆ ತಿಳಿಸಿಕೊಟ್ಟರೆ, ಕುಬಸದ ದಿನ ಉಡಿ ತುಂಬುವಾಗ ಒಳಗಿನ ಜೀವವೂ ಆರೋಗ್ಯದಿಂದಿರುವ ಸಂಭವ ಹೆಚ್ಚು.